ಗಿರಣಿಗೋಡೆಯ ಅಂಗೈದೇವರು

ಆಗಸ್ಟ್ 11, 1879, ಸೋಮವಾರ

ಇವತ್ತಿನಿಂದ ದಿನಚರಿ ಬರೆಯುವುದೆಂದು ನಿಶ್ಚಯಿಸಿದ್ದೇನೆ. ದೊಡ್ಡ ಮನುಷ್ಯರೆಲ್ಲ ಬರೆಯುತ್ತಾರಂತೆ. ಇವತ್ತು ಮಧ್ಯಾಹ್ನದಿಂದ ನಾನೂ ದೊಡ್ಡ ಮನುಷ್ಯ. ಹ್ರಾದೆಚ್ನಾ ಊರಿನಲ್ಲಿ ಈ ವಿಷಯ ಗೊತ್ತಿರುವುದು ಸದ್ಯಕ್ಕೆ ನನಗೆ ಪೂರ್ತಿ, ಗಿರಣಿಯ ಮಾತೌಶನಿಗೆ ಅರ್ಧ.

ಆದದ್ದು ಇಷ್ಟು. ಹೊಳೆದಂಡೆಯ ಗಿರಣಿಯ ಹಿಂದಿನ ಗೋಡೆ ಕುಸಿದು ಒಳಗಿನಿಂದ ಒಂದು ಕಲ್ಲು ಹೊರಬಿತ್ತು. ಮಾತೌಶ್ ಅದನ್ನು ಹಂದಿಗೂಡಿನ ಮೆಟ್ಟಿಲು ಮಾಡಬೇಕೆಂದಿದ್ದ. ಏನೋ ಕೆತ್ತನೆ ಕಂಡಿತೆಂದು ನನಗೆ ಹೇಳಿಕಳಿಸಿದ. ಹೋಗಿ ಮಣ್ಣು ತೊಳೆದು ನೋಡಿದರೆ ಎರಡು ಅಂಗೈಗಳು! ಹೆಬ್ಬೆರಳಿಗೆ ಹೆಬ್ಬೆರಳು ತಾಗಿದೆ. ಉಳಿದ ಬೆರಳುಗಳು ಎರಡೆರಡು ಜೋಡಿಯಾಗಿ, ನಡುವೆ ಸೀಳು ಬಿಟ್ಟುಕೊಂಡು ಅಗಲಿವೆ. ಕಲ್ಲಿನ ಉಳಿದ ಭಾಗವನ್ನು ಯಾವ ಕಾಲದಲ್ಲೋ ಗೋಡೆಗೆ ಹೊಂದಿಸಲು ಒಡೆದುಹಾಕಿದ್ದಾರೆ. ಹಳೆಯ ಗಾರೆಯ ಗುರುತು ನೋಡಿ, ಗೋಡೆಯಲ್ಲಿದ್ದಾಗ ಬೆರಳುಗಳು ಕೆಳಮುಖವಾಗಿದ್ದವು ಎಂದು ಪತ್ತೆ ಮಾಡಿದೆ. ಈ ಪತ್ತೇದಾರಿಕೆಗೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಬೇರೆ ಯಾರೂ ಹತ್ತಿರದಲ್ಲಿರಲಿಲ್ಲ.

"ಏನ್ ಸ್ವಾಮಿ ಇದು, ಕೈ ತೊಳ್ಕೊಳೋ ದೇವ್ರಾ?" ಎಂದ ಮಾತೌಶ್.

"ಅಲ್ಲಯ್ಯ, ಮಳೆ ಸುರಿಸೋ ದೇವರು" ಎಂದೆ. ಬಾಯಿಂದ ಹೊರಬಿದ್ದ ಮೇಲೆ ನನಗೂ ಅದು ನಿಜವೆಂದು ತಿಳಿಯಿತು.

ಮೇಜಿನ ಮುಂದೆ ಕೂತು ಆ ಮುದ್ರೆಯನ್ನು ನಾನೇ ಮಾಡಿನೋಡಿದೆ. ಆಶ್ಚರ್ಯವೆಂದರೆ ನನ್ನ ಬೆರಳುಗಳು ತಾವಾಗಿಯೇ ಹಾಗೆ ಅಗಲಿದವು, ಒಂದಿಷ್ಟೂ ಕಷ್ಟವಾಗಲಿಲ್ಲ. ನಮ್ಮ ಸ್ಲಾವ್ ಪೂರ್ವಜರ ಚೇತನ ನನ್ನೊಳಗೆ ಎಷ್ಟು ಆಳವಾಗಿ ಇಳಿದಿದೆ!

ಆಗಸ್ಟ್ 13

ಮುಂದೆ ನನ್ನ ಜೀವನಚರಿತ್ರೆ ಬರೆಯುವವರಿಗೆ ಅನುಕೂಲವಾಗಲೆಂದು ಸ್ವಲ್ಪ ಹಿನ್ನೆಲೆ. ತೊಟ್ಟಿಲಲ್ಲಿ ನನ್ನ ಹೆಸರು ವೋಲ್ಫ್. ವಿಯೆನ್ನಾದಲ್ಲಿ ಓದುವಾಗ ಜರ್ಮನರಂತೆ ವಿಲ್‌ಹೆಲ್ಮ್. ಸ್ಲಾವ್ ಜನಾಂಗಗಳ ಇತಿಹಾಸದ ಮೊದಲ ಸಂಪುಟ ಅಚ್ಚಾದಾಗಿನಿಂದ ಸ್ಲಾವರಂತೆ ವಿಲೇಮ್. ಕೋನರ್ ಎಂಬ ಮನೆತನದ ಹೆಸರನ್ನು ಬದಲಾಯಿಸಲು ಮಾತ್ರ ಧೈರ್ಯ ಬರಲಿಲ್ಲ, ಅಕ್ಕ ಬದುಕಿದ್ದಾಳೆ. ಎರಡು ಸಂಪುಟ ಬಂದಿವೆ. ಓದಿದವರು ಹೊಗಳಿದ್ದಾರೆ, ಇಬ್ಬರೂ. ಮೂರನೆಯದು ಕ್ರೈಸ್ತಧರ್ಮಕ್ಕೆ ಮುಂಚಿನ ದೇವತೆಗಳ ಬಗ್ಗೆ. ಅದಕ್ಕೆ ಪುರಾವೆ ಇಲ್ಲವೆಂದು ಪ್ರಾಗ್‌ನ ವಿದ್ವಾಂಸರು ಮೂಗು ಮುರಿಯುತ್ತಾರೆ.

ಆ ಪ್ರಾಗ್‌ನಲ್ಲೇ ಸ್ಲಾವ್ ಇತಿಹಾಸದ ಪ್ರಾಧ್ಯಾಪಕ ಹುದ್ದೆ ಖಾಲಿ ಇದೆ. ನಮ್ಮೂರ ಪುರಾತತ್ವ ಸಂಘದ ಅಧ್ಯಕ್ಷ ವಕೀಲ ಸ್ಮೇಕಲ್‌ಗೆ ಅಲ್ಲಿ ಮಾತು ನಡೆಯುತ್ತದೆ. "ಒಂದೇ ಒಂದು ಪುರಾವೆ ತನ್ನಿ ಪ್ರೊಫೆಸರೇ, ಉಳಿದದ್ದು ನನಗೆ ಬಿಡಿ" ಎಂದಿದ್ದರು. ಊರಿನವರು ನನ್ನನ್ನು ಈಗಾಗಲೇ ಪ್ರೊಫೆಸರ್ ಎಂದೇ ಕರೆಯುತ್ತಾರೆ, ಹುದ್ದೆಯೊಂದೇ ಬಾಕಿ. ಇವತ್ತು ಕಲ್ಲನ್ನು ನೋಡಿ ನನ್ನನ್ನು ತಬ್ಬಿಕೊಂಡೇಬಿಟ್ಟರು. ದೇವರಿಗೆ 'ದ್ಲಾನಿಬೋಗ್' ಎಂದು ನಾಮಕರಣವಾಯಿತು. ಅಂಗೈದೇವರು ಎಂದರ್ಥ. ಹೆಸರಿಟ್ಟವನು ನಾನೇ.

ಆಗಸ್ಟ್ 24

ಅಂಗೈದೇವರ ಬಗ್ಗೆ ನಾನು ಬರೆದ ಲೇಖನ, ಕಲ್ಲಿನ ಚಿತ್ರದ ಸಮೇತ, ಅಚ್ಚಾಗಿ ಊರೆಲ್ಲ ಹರಡಿದೆ. ಚೌಕದ ಬೇಕರಿಯವನು ಅಂಗೈ ಆಕಾರದ ಬ್ರೆಡ್ ಸುಡುತ್ತಿದ್ದಾನೆ. ಬೆರಳುಗಳು ಒಲೆಯಲ್ಲಿ ಊದಿಕೊಂಡು ಬಾತುಕೋಳಿಯ ಪಾದದಂತೆ ಕಾಣುತ್ತವೆ. ಸೇಂಟ್ ವಾಕ್ಲಾವ್ ದಿನದಂದು, ಸೆಪ್ಟೆಂಬರ್ 28ಕ್ಕೆ, ಚೌಕದಲ್ಲಿ ಕಲ್ಲಿನ ಅನಾವರಣ. ಮುಖ್ಯ ಭಾಷಣ ನನ್ನದು. ಕೇಳಲು ಪ್ರಾಗ್‌ನಿಂದ ಇಬ್ಬರು ಮಹನೀಯರು ಬರುತ್ತಾರೆ.

ಅಕ್ಕ ಗಿಟ್ಟೆಲ್‌ಗೆ ಓದಿ ಹೇಳಿದೆ. ಗಂಡ ತೀರಿಕೊಂಡಾಗಿನಿಂದ ನನ್ನ ಮನೆ ನೋಡಿಕೊಳ್ಳುವವಳು ಅವಳೇ. ಎಲೆಕೋಸು ಹೆಚ್ಚುತ್ತ ಕೇಳಿದಳು.

"ನಮ್ಮ ಪೂರ್ವಜರು ಅಂತ ಬರ್ದಿದ್ದೀಯಲ್ಲ, ಯಾರೋ ಅವ್ರು?"

"ಸ್ಲಾವರು."

"ಹೌದಾ? ನಮ್ ತಾತ ಗೊಬ್ಬರದ ವ್ಯಾಪಾರಿ ಹಿರ್ಶ್ ಕೋನರ್‌ಗೆ ಈ ಸಂಗತಿ ಗೊತ್ತಿತ್ತೇನೋ?"

ಅವಳ ಜೊತೆ ವಿದ್ವತ್ತಿನ ಮಾತು ಆಡಿ ಪ್ರಯೋಜನವಿಲ್ಲ. ಇದೇ ವಾರ ನಾನು ಹೋಟೆಲಿನಲ್ಲಿ, ಯಹೂದಿಗಳಿಗೆ ನಿಷಿದ್ಧವಾದ ಹಂದಿಮಾಂಸ ತಿಂದದ್ದು ಅವಳಿಗೆ ಯಾರ ಮೂಲಕವೋ ಗೊತ್ತಾಗಿದೆ. ಅದಕ್ಕೇ ಈ ಕೊಂಕು.

ಸೆಪ್ಟೆಂಬರ್ 3

ಮೂರನೆಯ ಸಂಪುಟಕ್ಕೆ ಅಂಗೈದೇವರ ಅಧ್ಯಾಯ ಬರೆದು ಮುಗಿಸಿದೆ. ಮಳೆ, ಫಸಲು, ಹೆಣ್ಣುಮಕ್ಕಳ ನೃತ್ಯ, ಎಲ್ಲ ಸೇರಿಸಿದ್ದೇನೆ. ನೃತ್ಯಕ್ಕೆ ಪುರಾವೆ ಇಲ್ಲ, ಆದರೆ ಇಂಥ ದೇವರ ಮುಂದೆ ಯಾರೂ ಕುಣಿಯದೆ ಇದ್ದಾರೆಯೇ?

ಸೆಪ್ಟೆಂಬರ್ 14, ಭಾನುವಾರ

ಯಹೂದಿಗಳ ಹೊಸವರ್ಷ ಬರುತ್ತಿದೆ. ಅದಕ್ಕೆ ಮುಂಚೆ ಅವರು ಸತ್ತವರ ಸಮಾಧಿಗಳಿಗೆ ಹೋಗಿಬರುತ್ತಾರೆ. ಪ್ರತಿವರ್ಷದಂತೆ ಅಕ್ಕನನ್ನು ಗುಡ್ಡದ ಮೇಲಿನ ಸ್ಮಶಾನದವರೆಗೆ ಬಿಟ್ಟು, ಪ್ರತಿವರ್ಷದಂತೆ ನಾನು ಗೋಡೆಯಾಚೆ ರಸ್ತೆಯಲ್ಲಿ ನಿಂತೆ.

ಇದೊಂದು ವಿಚಿತ್ರ. ನಮ್ಮಪ್ಪನದು ಪುರೋಹಿತ ಕುಲ. ಜೆರುಸಲೇಮಿನ ದೇವಾಲಯ ಬಿದ್ದುಹೋಗಿ ಯಾವ ಕಾಲವಾಯಿತೋ. ಆ ಕುಲಕ್ಕೆ ಉಳಿದಿರುವ ಕೆಲಸ ಎರಡೇ. ಹಬ್ಬದ ದಿನ ಸಭೆಯ ಮುಂದೆ ನಿಂತು, ಶಾಲು ತಲೆಯ ಮೇಲೆಳೆದುಕೊಂಡು, ಶಾಲಿನೊಳಗೇ ಕೈಯೆತ್ತಿ ಜನರನ್ನು ಹರಸುವುದು. ಮತ್ತು ಸ್ಮಶಾನದೊಳಗೆ ಕಾಲಿಡದಿರುವುದು. ಎರಡೂ ಗಂಡಸರಿಗೆ ಮಾತ್ರ, ಹೆಂಗಸರಿಗೆ ಈ ನೇಮವಿಲ್ಲ. ಹರಸುವುದನ್ನು ಬಿಟ್ಟು ಇಪ್ಪತ್ತು ವರ್ಷವಾಯಿತು. ಶನಿವಾರದ ವ್ರತ ಬಿಟ್ಟೆ, ಊಟದ ನೇಮ ಬಿಟ್ಟೆ. ಸ್ಮಶಾನಕ್ಕೆ ಹೋಗಬಾರದೆನ್ನುವುದನ್ನು ಮಾತ್ರ ಬಿಡಲಿಲ್ಲ. ಭಕ್ತಿಯಲ್ಲ, ಸೋಮಾರಿತನ, ಅದನ್ನು ಪಾಲಿಸಲು ಏನೂ ಮಾಡಬೇಕಾಗಿಲ್ಲ. ಅಪ್ಪ ತೀರಿಕೊಂಡಾಗ ನಾನು ವಿಯೆನ್ನಾದಲ್ಲಿದ್ದೆ, ಬರುವಷ್ಟರಲ್ಲಿ ಮಣ್ಣಾಗಿತ್ತು. ಅಪ್ಪನ ಕಲ್ಲನ್ನು ನಾನು ನೋಡಿರುವುದು ಈ ರಸ್ತೆಯಿಂದ. ಇಲ್ಲಿಂದ ಎಲ್ಲ ಕಲ್ಲುಗಳ ಬೆನ್ನು ಮಾತ್ರ ಕಾಣುತ್ತದೆ.

ಅಕ್ಕ ಹೊರಗೆ ಬಂದು ಕೈ ತೊಳೆದುಕೊಂಡು ರಸ್ತೆಬದಿಯ ಕಲ್ಲಿನ ಮೇಲೆ ಕೂತಳು. ಗಸಗಸೆ ಕೇಕಿನ ಪೊಟ್ಟಣ ನನ್ನ ಜೇಬಿನಲ್ಲಿತ್ತು. ಕಟ್ಟಿದ್ದ ಕಾಗದ ಅನಾವರಣದ ಕರೆಯೋಲೆ. ಮನೆಯಲ್ಲಿ ರಾಶಿ ಬಿದ್ದಿವೆ, ಮೇಲೆ ಅಂಗೈದೇವರ ಚಿತ್ರ. ಅಕ್ಕ ಪೊಟ್ಟಣ ಬಿಚ್ಚಿ ತೊಡೆಯ ಮೇಲೆ ಹರಡಿಕೊಂಡಳು, ತಲೆಕೆಳಗಾಗಿ.

"ಅಯ್ಯೋ" ಎಂದಳು. "ಅಪ್ಪನ ಕಲ್ಲಿನ ಕೈನ ಇದ್ರಲ್ಲಿ ಯಾಕೆ ಅಚ್ಚು ಹಾಕ್ಸಿದ್ದೀಯ?"

"ಯಾವ ಕೈ?"

"ಇನ್ಯಾವ ಕೈಯೋ, ಪುರೋಹಿತರ ಕೈ. ಹರಸೋ ಕೈ. ಆ ಕುಲದೋರ ಸಮಾಧಿ ಮೇಲೆಲ್ಲ ಇದನ್ನೇ ಕೆತ್ತೋದು. ಈಗ ಅಪ್ಪನ ಕಲ್ಲು ಒರೆಸಿ ಬಂದೆ, ಇದೇ ಕೈ."

ಕಾಗದವನ್ನು ಅವಳ ಕೈಯಿಂದ ಕಸಿದುಕೊಂಡೆ. ಸರಿಯಾಗಿ ಹಿಡಿದೆ. ಮತ್ತೆ ತಿರುಗಿಸಿ ಹಿಡಿದೆ.

"ವೋಲ್ಫ್" ಎಂದಳು ಅಕ್ಕ, ಮೆಲ್ಲಗೆ. "ನಿನ್ ದೇವ್ರು ಇದೇನಾ?"

ಕೇಕು ಅಷ್ಟೂ ಇರುವೆಗಳ ಪಾಲಾಯಿತು.

ಸೆಪ್ಟೆಂಬರ್ 15

ಬರೆಯುವಂಥದ್ದು ಏನೂ ಇಲ್ಲ. ಕನ್ನಡಿಯ ಮುಂದೆ ನಿಂತು ಎರಡೂ ಕೈ ಎತ್ತಿ, ಹಿಂದೆ ಶಾಲಿನೊಳಗೆ ಮಾತ್ರ ಹಿಡಿಯುತ್ತಿದ್ದ ಆ ಮುದ್ರೆಯನ್ನು ಮೊದಲ ಸಲ ಕಣ್ಣಾರೆ ನೋಡಿದೆ. ಕತ್ತೆ.

ಸೆಪ್ಟೆಂಬರ್ 17

ಸಾಕ್ಷಿಗಳನ್ನು ವಿದ್ವಾಂಸನಂತೆ ಪರಿಶೀಲಿಸಿದೆ. ಊರ ಹಳೆಯ ಯಹೂದಿ ಸ್ಮಶಾನ ಹೊಳೆದಂಡೆಯಲ್ಲಿತ್ತು, ಗಿರಣಿಯ ಪಕ್ಕದ ಹುಲ್ಲುಗಾವಲಿನಲ್ಲಿ. ತಾತಂದಿರ ಕಾಲಕ್ಕೂ ಮುಂಚೆ ಯಹೂದಿಗಳನ್ನು ಊರಿಂದ ಓಡಿಸಿದರು; ಗುಡ್ಡದ ಸ್ಮಶಾನ ಅವರು ಮರಳಿ ಬಂದ ಮೇಲಿನದು. ಕಲ್ಲುಗಳನ್ನು ಬೇಕಾದವರು ಬೇಕಾದಂತೆ ಹೊತ್ತೊಯ್ದರು. ಇದನ್ನೆಲ್ಲ ಎಲ್ಲಿ ಓದಿದೆ ಎಂದರೆ, ನಾನೇ ಬರೆದ ಊರ ಇತಿಹಾಸದ ಕರಡಿನಲ್ಲಿ. ಸಾಮಾನ್ಯ ಓದುಗರಿಗೆ ಆಸಕ್ತಿಯಿಲ್ಲವೆಂದು ಆ ಪುಟವನ್ನು ನಾನೇ ಅಚ್ಚಿಗೆ ಮುನ್ನ ಕಿತ್ತುಹಾಕಿದ್ದೆ.

ಗೋಡೆ ಕಟ್ಟಿದ ಮೇಸ್ತ್ರಿ ಕಲ್ಲನ್ನು ತಲೆಕೆಳಗಾಗಿ ಇಟ್ಟ, ಅವನಿಗೆ ಅದು ಬರೀ ಕಲ್ಲು. ಅವನು ಇಟ್ಟದ್ದೇ ಶಾಸ್ತ್ರವೆಂದು ನಂಬಿ ಒಂದು ಧರ್ಮವನ್ನೇ ಕಟ್ಟಿದವನು ನಾನು. ಎಲ್ಲ ನೇಮ ಮುರಿದವನು ಇನ್ನೊಂದನ್ನೂ ಮುರಿದು ಒಮ್ಮೆ ಸ್ಮಶಾನದೊಳಗೆ ಇಣುಕಿದ್ದರೆ ಬಚಾವಾಗುತ್ತಿದ್ದೆ. ಎಡವಟ್ಟು ಮಾಡುವುದರಲ್ಲೂ ನನಗೆ ಅಚ್ಚುಕಟ್ಟಿಲ್ಲ.

ಸೆಪ್ಟೆಂಬರ್ 21

ಫ್ಲೈಶ್‌ನರ್ ಅವರ ಮನೆಗೆ ಹೋಗಿದ್ದೆ. ಚರ್ಮದ ವ್ಯಾಪಾರಿ, ಯಹೂದಿಗಳು ಪ್ರಾರ್ಥನೆಗೆ ಸೇರುವ ಸಭಾಮಂದಿರದ ಯಜಮಾನರು. ಇಷ್ಟು ವರ್ಷದಲ್ಲಿ ನಾನು ಅವರ ಬಾಗಿಲು ತಟ್ಟಿದ್ದು ಇದೇ ಮೊದಲು, ಆದ್ದರಿಂದ ಯಾರೋ ಸತ್ತಿರಬೇಕೆಂದುಕೊಂಡರು. ಒಂದರ್ಥದಲ್ಲಿ ಹೌದು. ಎಲ್ಲ ಹೇಳಿದೆ.

ಗಡ್ಡ ನೀವಿಕೊಂಡರು. ಆಮೇಲೆ ಎಂದರು: "ಗೊತ್ತಿತ್ತಪ್ಪ."

"ಏನು?"

"ನಿನ್ ಲೇಖನದ ಚಿತ್ರ ನೋಡಿದ್ ದಿವ್ಸಾನೇ ಗೊತ್ತಾಯ್ತು. ಊರಲ್ಲಿರೋ ನಮ್ಮೋರಿಗೆಲ್ಲ ಗೊತ್ತು. ಹೇಳೋರ್ಯಾರು? ನೀನೋ ದೊಡ್ಡ ಪ್ರೊಫೆಸರು."

ತಿಂಗಳಿಂದ ಬೀದಿಯಲ್ಲಿ ಅವರು ನನಗೆ ಟೋಪಿ ತೆಗೆದು ನಮಸ್ಕರಿಸುವಾಗ ಮೀಸೆಯಡಿಯಲ್ಲಿ ನಗುವುದನ್ನು ಗೌರವವೆಂದುಕೊಂಡಿದ್ದೆ.

"ಈಗ ಹೇಳಬೇಕಲ್ಲವೇ?" ಎಂದೆ.

"ಸುಮ್ನಿರಪ್ಪ. ಜನ ಬ್ಯಾಂಡು ಬಜಾಯಿಸ್ಕೊಂಡು ದೇವ್ರನ್ನ ನೋಡಕ್ಕೆ ಬರ್ತಾರೆ. ನೀನು, ಇದು ಯಹೂದಿ ಸಮಾಧಿ ಅಂತೀಯ. ಅವತ್ತು ಸಾಯಂಕಾಲ ನಮ್ ಕಿಟಕಿ ಗಾಜುಗಳು ಏನಾಗ್ತವೆ? ಸತ್ತೋನಿಗೆ ಗಾಜಿಲ್ಲ, ನಮಗಿದೆ."

ಒಪ್ಪುವ ಮಾತೇ. ಹಗುರಾಗಿ ಮನೆಗೆ ಬಂದೆ. ಹೇಡಿಗೆ ವಿವೇಕಿಯೊಬ್ಬನ ಬೆಂಬಲ ಸಿಕ್ಕರೆ ಎಷ್ಟು ನೆಮ್ಮದಿ!

ಅಕ್ಕನಿಗೆ ಹೇಳಿದೆ. ಅವಳು ಬಟ್ಟಲನ್ನು ಕುಕ್ಕಿದಳು. "ಗಾಜು ಒಡೆದ್ರೆ ಹೊಸದು ಹಾಕ್ಸ್ಬಹುದು. ಆ ಮನುಷ್ಯಂಗೆ ಇದ್ದಿದ್ದು ಒಂದೇ ಕಲ್ಲು ಕಣೋ. ಇನ್ಮೇಲೆ ಅವ್ನು ಚೌಕದಲ್ಲಿ ತಲೆಕೆಳಗಾಗಿ ನಿಂತ್ಕೋಬೇಕಾ, ನೀನು ಪ್ರಾಗ್‌ಗೆ ಹೋಗ್ಬೇಕು ಅಂತ?"

ಸೆಪ್ಟೆಂಬರ್ 24

ಸ್ಮೇಕಲ್‌ಗೆ ಹೇಳಿದೆ. ಅವರು ಗಾಬರಿಯಾಗುತ್ತಾರೆ, ಸಮಾರಂಭ ರದ್ದು ಮಾಡುತ್ತಾರೆ, ನಾನು ಭಾಷಣ ಮಾಡಬೇಕಾಗುವುದಿಲ್ಲ ಎಂದು ಲೆಕ್ಕ ಹಾಕಿದ್ದೆ. ಅವರು ಸಿಗಾರ್ ಹಚ್ಚಿದರು.

"ಇದು ಯಾರ್ಯಾರಿಗೆ ಗೊತ್ತು?"

"ನಮ್ಮ ಅಕ್ಕನಿಗೆ. ಫ್ಲೈಶ್‌ನರ್ ಅವರಿಗೆ. ಊರಿನ ಯಹೂದಿಗಳಿಗೆಲ್ಲ."

"ಅವ್ರು ಬಾಯಿ ಬಿಡ್ತಾರಾ?"

"ಇಲ್ಲ."

"ಮತ್ತೆ ನಿಮಗ್ಯಾಕೆ ಚಿಂತೆ ಪ್ರೊಫೆಸರೇ? ಕಲ್ಲಿಗೆ ಬಾಯಿಲ್ಲ. ಪ್ರಾಗ್‌ನೋರು ಭಾಷಣ ಕೇಳ್ತಾರೆ, ಚಪ್ಪಾಳೆ ತಟ್ತಾರೆ, ನೀವು ಚಳಿಗಾಲಕ್ಕೆ ಅಲ್ಲಿ ಪಾಠ ಶುರು ಮಾಡ್ತೀರಿ. ನಿಮ್ಮಂಥೋರೊಬ್ರು ಆ ಕುರ್ಚಿ ಮೇಲೆ ಕೂತ್ಕೊಳ್ಳೋದು ಸುಲಭ ಅಂದ್ಕೊಂಡ್ರಾ? ಎಷ್ಟು ಜನರ ಬಾಯಿ ಮುಚ್ಚಿಸಿದ್ದೀನಿ ಗೊತ್ತಾ?"

ನಿಮ್ಮಂಥವರು ಎಂದರೆ ಯಾರೆಂದು ಕೇಳಲಿಲ್ಲ. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು, ಅದೇ ಚುಚ್ಚಿತು. ಭಾಷಣವನ್ನು ತಿದ್ದಿ ಚೆನ್ನಾಗಿ ಮಾಡಿದ್ದೇನೆ. ಪ್ರಾಗ್‌ನ ಆ ಕುರ್ಚಿ ನನಗೆ ಬೇಕು. ಇಪ್ಪತ್ತು ವರ್ಷದಿಂದ ಬೇಕು. ಇದನ್ನು ಇಲ್ಲಾದರೂ ನಾಚಿಕೆಯಿಲ್ಲದೆ ಬರೆದುಕೊಳ್ಳುತ್ತೇನೆ.

ಸೆಪ್ಟೆಂಬರ್ 27, ಶನಿವಾರ, ಸಂಜೆ

ಇವತ್ತು ಯಹೂದಿಗಳ ಪ್ರಾಯಶ್ಚಿತ್ತದ ದಿನ, ನಿರಾಹಾರ ಉಪವಾಸ, ಬರೆಯುವುದೂ ನಿಷಿದ್ಧ. ನಕ್ಷತ್ರ ಕಂಡು ದಿನ ಮುಗಿದ ಮೇಲೆ ಅಕ್ಕ, ತಾನು ಎತ್ತಿಟ್ಟಿದ್ದ ಮಸಿ ಕುಡಿಕೆಯನ್ನು ಹಿಂದಕ್ಕೆ ಕೊಟ್ಟಳು.

ಸಭಾಮಂದಿರಕ್ಕೆ ನಾನು ಹೋದದ್ದು ಬರೀ ಸಂಶೋಧನೆಗಾಗಿ. ಕೈಗಳ ಭಂಗಿಯನ್ನು ಖುದ್ದಾಗಿ ಖಚಿತಪಡಿಸಿಕೊಳ್ಳಬೇಕಿತ್ತು. ಅಕ್ಕ ಏನೂ ಕೇಳದೆ ಅಪ್ಪನ ಶಾಲನ್ನು ಪೆಟ್ಟಿಗೆಯಿಂದ ತೆಗೆದು ನನ್ನ ತೋಳಿನ ಮೇಲೆ ಹಾಕಿದಳು. ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಹರಸುವ ಹೊತ್ತಾಯಿತು. ನನ್ನನ್ನು ಬಿಟ್ಟರೆ ಊರಿನಲ್ಲಿ ಆ ಕುಲದವರು ಉಳಿದಿರುವುದು ಒಬ್ಬ ಮುದುಕ, ಅವನಿಗೂ ಕಾಲುನೋವು. ಫ್ಲೈಶ್‌ನರ್ ತಿರುಗಿ ನನ್ನನ್ನು ನೋಡಿದರು. ಎಲ್ಲರೂ ತಿರುಗಿ ನೋಡಿದರು.

ಎದ್ದು ಹೋದೆ. ಶಾಸ್ತ್ರದಂತೆ ಯಾರೋ ನನ್ನ ಕೈಗೆ ನೀರು ಹೊಯ್ದರು. ಕೈ ತೊಳೆದುಕೊಳ್ಳುವ ದೇವರೇ ಎಂದು ಮಾತೌಶ್ ಕೇಳಿದ್ದು ಆಗ ನೆನಪಾಗಿ, ನಿಂತಲ್ಲೇ ನಗು ಬರುವಂತಾಯಿತು. ಶಾಲು ಎಳೆದುಕೊಂಡೆ. ಹೊರಗೆ ಎಲ್ಲರೂ ತಲೆ ತಗ್ಗಿಸಿದ್ದರು. ಹರಸುವಾಗ ಆ ಕೈಗಳನ್ನು ಯಾರೂ ನೋಡಬಾರದು. ಚಿಕ್ಕವನಿದ್ದಾಗ ಅಪ್ಪನ ಶಾಲಿನೊಳಗೆ ನುಸುಳಿ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ನಿಲ್ಲುತ್ತಿದ್ದೆ. ಇವತ್ತೂ ಒಳಗೆ ಅಪ್ಪನ ಅದೇ ನಶ್ಯದ ವಾಸನೆ ಇತ್ತು. ಬೆರಳುಗಳು ತಾವಾಗಿಯೇ ಅಗಲಿದವು. ಹರಸುವ ಮಾತೂ ಮರೆತಿರಲಿಲ್ಲ.

ಅತ್ತುಬಿಟ್ಟೆ. ಉಪವಾಸವಿದ್ದರೆ ಹೀಗಾಗುತ್ತದೆಂದು ವೈದ್ಯರು ಹೇಳುತ್ತಾರೆ. ಅಪ್ಪನ ನೆನಪಾಗಿ ಅತ್ತುಬಿಟ್ಟೆ.

ನಾಳಿನ ಭಾಷಣ ಜೇಬಿನಲ್ಲಿದೆ. ಅಕ್ಷರ ಚೆನ್ನಾಗಿ ಬಂದಿದೆ.

ಸೆಪ್ಟೆಂಬರ್ 28, ಭಾನುವಾರ

ಆಗಿಹೋಯಿತು. ಹೇಗೆ ಆಯಿತೋ ಹಾಗೆ ಬರೆಯುತ್ತೇನೆ.

ಚೌಕದ ತುಂಬ ಜನ. ಬ್ಯಾಂಡು, ಬಾವುಟ, ಬಿಳಿ ಲಂಗದ ಹುಡುಗಿಯರು. ಪ್ರಾಗ್‌ನ ಇಬ್ಬರು ಮಹನೀಯರು ಮುಂದಿನ ಸಾಲಿನಲ್ಲಿ. ನಮ್ಮವರು ಯಾರೂ ಬಂದಿರಲಿಲ್ಲ, ಅಕ್ಕ ಒಬ್ಬಳು ಕೊಡೆ ಹಿಡಿದು ಬಾವಿಯ ಹತ್ತಿರ ನಿಂತಿದ್ದಳು. ಸ್ಮೇಕಲ್ ಪರದೆ ಎಳೆದರು. ಕಲ್ಲು ಪೀಠದ ಮೇಲೆ, ಬೆರಳುಗಳು ಕೆಳಮುಖ. ಜನ "ಓ" ಎಂದರು.

ಜೇಬಿಗೆ ಕೈ ಹಾಕಿದೆ. ಭಾಷಣ ಸಿಕ್ಕಿತು. ಅದನ್ನು ಕಳೆದುಕೊಂಡಿದ್ದೆ, ಆದ್ದರಿಂದ ನಿಜ ಹೇಳಿದೆ ಎಂದು ಬರೆಯಬಹುದಿತ್ತು. ಆದರೆ ಅದು ಕೈಯಲ್ಲೇ ಇತ್ತು. "ಮಾನ್ಯರೇ" ಎಂದೆ. ಮುಂದೆ ಓದಲು ಬಗ್ಗಿದಾಗ ಆ ಕೈಗಳು ಕಂಡವು. ನಿನ್ನೆ ನಾನೇ ಹಿಡಿದ ಕೈಗಳು.

"ಈ ಕಲ್ಲನ್ನ ತಲೆಕೆಳಗಾಗಿ ಇಟ್ಟಿದ್ದೀವಿ" ಎಂದೆ. "ತಪ್ಪು ನನ್ನದು. ಇದು ದೇವರಲ್ಲ, ಮಳೆಗೂ ಇದಕ್ಕೂ ಸಂಬಂಧ ಇಲ್ಲ. ಇದು ಸಮಾಧಿ ಕಲ್ಲು. ಯಹೂದಿ ಪುರೋಹಿತನೊಬ್ಬನದು. ಅವನು ನಿಮ್ಮ ಮುತ್ತಾತಂದಿರ ಜೊತೆ ಈ ಊರಲ್ಲೇ ಬಾಳಿದವನು. ನನಗೆ ಹೇಗೆ ಗೊತ್ತು ಅಂದರೆ, ನಾನೂ ಅದೇ ಕುಲದವನು. ನೋಡಿ."

ಎರಡೂ ಕೈ ಎತ್ತಿ ತೋರಿಸಿದೆ.

ಆ ಕ್ಷಣಕ್ಕೆ ಸರಿಯಾಗಿ ಮಳೆ ಬಂತು. ಹನಿಯಲ್ಲ, ಧಾರಾಕಾರ. ಹಿಂದಿನಿಂದ ಒಬ್ಬಳು ಮುದುಕಿ ಕೂಗಿದಳು: "ಮಳೆ ತಂದ್ಬಿಟ್ಟ! ಪ್ರೊಫೆಸರು ಕೈ ಎತ್ತಿದ್ರು, ದೇವ್ರು ಮಳೆ ತಂದ್ಬಿಟ್ಟ!" ಜನ ಚಪ್ಪಾಳೆ ತಟ್ಟಿದರು. "ಅಲ್ಲ, ಅಲ್ಲ" ಎಂದು ನಾನು ಕೈ ಬೀಸಿದಷ್ಟೂ ಜೋರಾಗಿ ತಟ್ಟಿದರು. ನನ್ನ ಇಡೀ ಜೀವಮಾನದಲ್ಲಿ ಸಿಕ್ಕ ದೊಡ್ಡ ಚಪ್ಪಾಳೆ ಇದೇ, ಅದೂ ನಾನು ಅಲ್ಲಗಳೆದ ಮಾತಿಗೆ.

ಅರ್ಥವಾದವರೂ ಇದ್ದರು. ಪ್ರಾಗ್‌ನವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಗಾಡಿ ಹತ್ತಿದರು. ಸ್ಮೇಕಲ್ ನೆನೆದ ಸಿಗಾರನ್ನು ನೆಲಕ್ಕೆಸೆದು, "ಇನ್ನು ಪ್ರಾಗ್ ವಿಷಯ ಮರ್ತ್ಬಿಡಿ" ಎಂದಷ್ಟೇ ಹೇಳಿದರು. ಮಾತೌಶ್ ಮಾತ್ರ ಕಲ್ಲಿನ ಮುಂದೆ ಟೋಪಿ ತೆಗೆದು ನಿಂತಿದ್ದ.

"ಹಂಗಾದ್ರೆ ಇಷ್ಟ್ ದಿನ ಒಬ್ರ ಸಮಾಧಿನ ಗೋಡೆಗಿಟ್ಕೊಂಡು ಹಿಟ್ಟು ಬೀಸ್ತಿದ್ನಾ ನಾನು? ತಗೊಂಡೋಗಿ ಸ್ವಾಮಿ. ಗಾಡಿ ನಂದೇ ಕೊಡ್ತೀನಿ."

ಅಕ್ಕ ನನ್ನ ತಲೆಯ ಮೇಲೆ ಕೊಡೆ ಹಿಡಿದಳು. ಮನೆ ತಲುಪುವವರೆಗೂ ಹಾಗೇ ಹಿಡಿದಿದ್ದಳು, ತಾನು ಪೂರ್ತಿ ನೆನೆದಳು.

ಸೆಪ್ಟೆಂಬರ್ 30

ಒಂದು ಗಾಜು ಒಡೆಯಿತು. ನಮ್ಮ ಮನೆಯದೇ. ಗಾಳಿಗೆ ಕದ ಬಡಿದು ಒಡೆದಿರಬಹುದೆಂದು ಫ್ಲೈಶ್‌ನರ್ ಅನ್ನುತ್ತಾರೆ. ಗಾಳಿ ಸುಟ್ಟ ಇಟ್ಟಿಗೆಯನ್ನು ಒಳಗೆ ಬಿಟ್ಟುಹೋದದ್ದು ಮಾತ್ರ ಸ್ವಲ್ಪ ವಿಶೇಷ. ಹೊಸ ಗಾಜು ಹಾಕಿಸಲು ಅವರೇ ಆಳು ಕಳಿಸಿದರು. ಬೇಕರಿಯವನು ಅಂಗೈ ಬ್ರೆಡ್ ನಿಲ್ಲಿಸಿಲ್ಲ.

ಅಂಗೈದೇವರ ಅಧ್ಯಾಯವನ್ನು ಒಲೆಗೆ ಹಾಕಿದೆ. ನೃತ್ಯದ ಭಾಗ ಚೆನ್ನಾಗಿತ್ತು, ಹೊಟ್ಟೆ ಉರಿಯಿತು.

ಅಕ್ಟೋಬರ್ 12, ಭಾನುವಾರ

ಹಬ್ಬಗಳು ಮುಗಿದವು. ಇವತ್ತು ಕಲ್ಲನ್ನು ಗುಡ್ಡಕ್ಕೆ ಸಾಗಿಸಿದೆವು. ಮಾತೌಶನ ಗಾಡಿ, ಮಾತೌಶನ ಕುದುರೆ. ನಮ್ಮವರು ಹತ್ತಾರು ಜನ ಹಿಂದೆ ನಡೆದು ಬಂದರು. ಅವನ ಹೆಸರು ಗೊತ್ತಿಲ್ಲ, ಆದರೂ ಶವಯಾತ್ರೆಯಂತೆಯೇ ನಡೆದೆವು. ನಾನು ರಸ್ತೆಯಲ್ಲಿ ನಿಂತೆ. ಕಲ್ಲನ್ನು ಬಾಗಿಲ ಪಕ್ಕ, ಗೋಡೆ ತಗ್ಗಾಗಿರುವ ಕಡೆ ನೆಟ್ಟರು. ಯಾವ ದಿಕ್ಕಿಗೆ ಮುಖ ಎಂದು ಅವರವರಲ್ಲೇ ವಾದವಾಯಿತು. ಅಕ್ಕ ಒಳಗಿನಿಂದ ಅಪ್ಪಣೆ ಮಾಡುವುದು ಕೇಳಿಸಿತು: "ರಸ್ತೆ ಕಡೆಗೆ ತಿರುಗಿಸಿ. ಆಚೆ ನಿಂತಿರೋನಿಗೆ ಕಾಣ್ಲಿ."

ಎಲ್ಲರೂ ಹೋದ ಮೇಲೆ ಅವಳು ಬಾಗಿಲಲ್ಲಿ ನಿಂತು ಕರೆದಳು.

"ಒಳಗ್ ಬಾರೋ. ಯಾರೂ ಇಲ್ಲ. ಹಂದಿ ತಿಂದೋನು, ನಾಲ್ಕ್ ಹೆಜ್ಜೆ ಒಳಗ್ ಬಂದ್ರೆ ಏನಾಗತ್ತೆ? ಅಪ್ಪನ ಕಲ್ಲೂ ಒಂದ್ಸಲ ನೋಡ್ದಂಗಾಗತ್ತೆ."

"ನಾವು ಒಳಗೆ ಬರಬಾರದಲ್ಲ ಅಕ್ಕ" ಎಂದೆ.

ಅವಳು ಮೂಗು ಒರೆಸಿಕೊಂಡು ಅಪ್ಪನ ಕಲ್ಲಿನ ಕಡೆಗೆ ಹೋದಳು.

ನಾನು ಕಾಯುತ್ತ ನಿಂತೆ. ತಗ್ಗು ಗೋಡೆಯಾಚೆ ಆ ಕಲ್ಲು ನನ್ನ ಕಡೆಗೆ ಮುಖ ಮಾಡಿ ನಿಂತಿತ್ತು. ಬೆರಳುಗಳು ಈಗ ಮೇಲ್ಮುಖ. ಇಷ್ಟು ವರ್ಷದಲ್ಲಿ ಈ ರಸ್ತೆಯಿಂದ ಮೊದಲ ಸಲ ಒಂದು ಕಲ್ಲಿನ ಮುಖ ಕಾಣುತ್ತಿತ್ತು; ಬೇಕಾದಷ್ಟು ಹೊತ್ತು ನೋಡಬಹುದಿತ್ತು. ನಾನು ಟೋಪಿ ಸರಿಮಾಡಿಕೊಂಡು ತಲೆ ತಗ್ಗಿಸಿದೆ. ಹರಸುವಾಗ ಆ ಕೈಗಳನ್ನು ನೋಡಬಾರದು.